ಬಿತ್ತೋ, ಕೆಡವಿದನೋ

ಬೆಳಿಗ್ಗೆ ಅಪ್ಪ ಫೋನ್ ಮಾಡಿ ಸುದ್ದಿ ಹೇಳಿದಾಗ ಶ್ರದ್ಧಾಳಿಗೆ ಬರೀ ಸಂಕಟವಾಗಿತ್ತು. ಸಿಟ್ಟು ಬಂದದ್ದು ಮಧ್ಯಾಹ್ನ, ಊರಿನ ಗ್ರೂಪಿನಲ್ಲಿ ಬಂದ ಮೆಸೇಜ್ ಓದಿದ ಮೇಲೆ.

ಅವಳು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುವ ಗಡಿಸೀಮೆಯ ಅಕ್ಕಲಕೋಟ ತಾಲೂಕಿನ ಕುರನೂರಿನ ಹುಡುಗಿ. ಸೋಲಾಪುರದಲ್ಲಿ ಮನಃಶಾಸ್ತ್ರದ ಎಂ.ಎ. ಓದುತ್ತ, ವಿಜಾಪುರ ರಸ್ತೆಯಲ್ಲಿ ಅಪ್ಪನ ಅಕ್ಕ ಶಾರದಾಬಾಯಿಯ ಮನೆಯಲ್ಲಿದ್ದಳು. ಕೆಳಗೆ ಅತ್ತೆಯ ಚಾದರ-ಟವೆಲ್ಲಿನ ಅಂಗಡಿ, ಮೇಲೆ ಮನೆ. ಊರಲ್ಲಿ ಅಪ್ಪ ಧರ್ಮರಾಜನ ದ್ರಾಕ್ಷಿ ತೋಟ. ಬಳ್ಳಿ ಹಬ್ಬಿಸುವ ಕಂಬ-ತಂತಿಯ ಹಂದರಕ್ಕೆ ಅಲ್ಲಿಯ ಜನ ಮಾಂಡವ ಅನ್ನುತ್ತಾರೆ. ಅದರ ತುದಿಯ ಬಿಗಿತಂತಿ ಕಿತ್ತರೆ ಸಾಲಿಗೆ ಸಾಲೇ ನೆಲಕ್ಕೆ ಮಲಗುತ್ತದೆ.

"ಶ್ರದ್ಧಾ, ಬಾಜೂ ಹೊಲದ ಶಾಂತಲಿಂಗಪ್ಪನ ಮಗ ಓಂಕಾರ ಇದ್ದಾನಲ್ಲ, ಅವನ ಟ್ರ್ಯಾಕ್ಟರ್ ತಂತಿಗೆ ತಗಲಿ ಮಾಂಡವ ಬಿತ್ತು," ಎಂದಿದ್ದ ಅಪ್ಪ. ದನಿಯಲ್ಲಿ ದಣಿವಿತ್ತು. "ಗೊಂಚಲಾ ಎಲ್ಲಾ ಮಣ್ಣಾಗ. ಹಣ್ಣಾಗಾಕ ಬಂದಿದ್ದು ನೋಡು."

ಮಧ್ಯಾಹ್ನದ ಮೆಸೇಜನ್ನು ಬರೆದವನು ಊರಿನ ಗುರುಸಿದ್ಧ. ಹೊಲದ ಫೋಟೊ ಹಾಕಿ, ಕೆಳಗೆ ಮರಾಠಿಯಲ್ಲಿ ಒಂದೇ ಸಾಲು: ಓಂಕಾರನೇ ಧರ್ಮರಾಜಚಾ ಮಾಂಡವ ಪಾಡಲಾ. ಅಂದರೆ, ಓಂಕಾರ ಮಾಂಡವ ಕೆಡವಿದ. ಅದನ್ನು ಓದಿದ ಕೂಡಲೆ ಶ್ರದ್ಧಾಳ ಕಣ್ಣ ಮುಂದೆ ಸ್ಟೇರಿಂಗ್ ತಿರುವಿ ಬೇಕಂತಲೇ ಕಂಬಕ್ಕೆ ಹಾಯುವ ಓಂಕಾರ ಬಂದು ನಿಂತ. ಅವಳೂ ಅವನೂ ಒಂದೇ ಶಾಲೆಯಲ್ಲಿ ಕಲಿತವರು. ಇಂಥವನೇ ಇವ, ಮೊದಲಿಂದ ಇಂಥವನೇ, ಅನ್ನಿಸಿತು.

ಎರಡು ದಿನ ಕಳೆದು ಅಪ್ಪ ಮತ್ತೆ ಫೋನ್ ಮಾಡಿದಾಗ ಅವನ ಮಾತೇ ಬೇರೆಯಾಗಿತ್ತು. "ಬೇಕಂತ ಕೆಡವ್ಯಾನ ಶ್ರದ್ಧಾ! ಏನ್ ಜೋರ ಬಂದಾ ಅಂತಿ! ಮ್ಯಾಲ ನಕ್ಕೋತ ಹೋದಾ ಹರಾಮಖೋರ. ನಮ್ಮ ಹೊಲದಾಗಿನ ದಾರಿಗೆ ಗೇಟ್ ಹಾಕಿ ಕೀಲಿ ಜಡದೀನಿ. ಈಗ ಅವರ ಕಬ್ಬು ಹ್ಯಾಂಗ ಹೊರಗ ಹೋಗ್ತದ ನೋಡೂಣು."

"ಛಲೋ ಮಾಡಿದ್ರಿ ಅಪ್ಪಾ," ಎಂದಳು ಶ್ರದ್ಧಾ.

ಆ ವಾರದ ಕೊನೆಗೆ ಕಾಲೇಜಿನಲ್ಲಿ ಮನೀಷಾ ಮೇಡಂ ನೆನಪಿನ ಬಗ್ಗೆ ಪಾಠ ಮಾಡಿದರು. ಕಣ್ಣಾರೆ ಕಂಡದ್ದೂ ಮನಸ್ಸಿನಲ್ಲಿ ಕಂಡ ಹಾಗೇ ಉಳಿಯುವುದಿಲ್ಲ, ಆಮೇಲೆ ಕೇಳಿದ ಮಾತು ಅದರೊಳಗೆ ಸೇರಿಕೊಂಡು ಹೊಸ ಚಿತ್ರ ಮಾಡುತ್ತದೆ ಎಂದರು. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಬದಲಿಸಿದರೆ ಸಾಕು, ಸಾಕ್ಷಿ ಹೇಳುವವನ ಉತ್ತರ ಬದಲಾಗುತ್ತದೆ. "ನೀವು ಮನೆಯಲ್ಲಿ ಆಡುವ ಭಾಷೆಯಿಂದ ಇಂಥದೊಂದು ಉದಾಹರಣೆ ಹುಡುಕಿ ತನ್ನಿ," ಅಂತ ಮರಾಠಿಯಲ್ಲಿ ಹೇಳಿ ಎದ್ದರು.

ಶ್ರದ್ಧಾ ಷೇರ್ ಆಟೊದಲ್ಲಿ ಮನೆಗೆ ಹೊರಟಳು. ಏನು ಉದಾಹರಣೆ ಕೊಡುವುದು? ಫುಟಲಾ, ಫೋಡಲಾ. ಒಡೀತು, ಒಡೆದ. ಪಡಲಾ, ಪಾಡಲಾ. ಪಡಲಾ ಅಂದರೆ ಬಿತ್ತು. ಪಾಡಲಾ ಅಂದರೆ...

"ಪಾಡಲಾ!" ಎಂದು ಅವಳು ಎಷ್ಟು ಜೋರಾಗಿ ಅಂದಳೆಂದರೆ ಆಟೊದವನು ಬ್ರೇಕ್ ಹಾಕಿ ಹಿಂದೆ ನೋಡಿದ.

"ಕಾಯ್ ಪಡಲಂ ತಾಯಿ?" ಏನು ಬಿತ್ತು, ಅಂತ ಕೇಳಿದ.

"ಕಾಹೀ ನಾಹೀ, ಚಲಾ, ಚಲಾ!" ಏನಿಲ್ಲ, ನಡೀರಿ, ಅಂದಳು. ಅವಳಿಗೆ ಕೂತಲ್ಲಿ ಕೂಡಲಾಗಲಿಲ್ಲ. ಒಂದು ದೀರ್ಘ! ಅದೊಂದು ದೀರ್ಘ ಎಳೆದ ಕೂಡಲೆ ತಾನೇ ಮುರಿದು ಬಿದ್ದ ಮಾಂಡವದ ಹಿಂದೆ ಒಬ್ಬ ಅಪರಾಧಿ ಹುಟ್ಟಿಬಿಡುತ್ತಾನೆ. ಮೊದಲ ದಿನ ಅಪ್ಪ 'ಬಿತ್ತು' ಅಂದಿದ್ದ. ನಕ್ಕದ್ದು, ಜೋರು ಬಂದದ್ದು ಏನೂ ಆಗ ಹೇಳಿರಲಿಲ್ಲ. ಗುರುಸಿದ್ಧನ ಮೆಸೇಜ್ ಊರೆಲ್ಲ ತಿರುಗಿದ ಮೇಲಲ್ಲವೇ ಅಪ್ಪನ ನೆನಪಿನೊಳಗೆ ನಗು ಬಂದದ್ದು? ಅಷ್ಟೇಕೆ, ತಾನೇ ಏನೂ ನೋಡದೆ ಓಂಕಾರನನ್ನು ಗೂಂಡಾ ಮಾಡಿ ಕೂತಿರಲಿಲ್ಲವೇ?

ಅಂಗಡಿಯ ಮೆಟ್ಟಿಲನ್ನು ಅವಳು ಓಡಿಯೇ ಹತ್ತಿದಳು. ಶಾರದಾಬಾಯಿ ಗಿರಾಕಿಗೆ ಚಾದರ ಬಿಚ್ಚಿ ತೋರಿಸುತ್ತಿದ್ದಳು.

"ಅತ್ತಿ, ಓಂಕಾರ ಎಂಥಾ ಹುಡುಗ?"

"ಯಾವ ಓಂಕಾರ? ನಮ್ಮ ಮಾಂಡವ ಕೆಡವಿದವನ? ಗೂಂಡಾ ಅದಾನ ತಗಿ."

"ನೀ ಅವನ್ನ ಯಾವಾಗ ಕಂಡೀದಿ?"

ಶಾರದಾಬಾಯಿ ಚಾದರ ಹಿಡಿದುಕೊಂಡೇ ಯೋಚಿಸಿದಳು. "ಲಂಗೋಟಿ ಉಟ್ಕೊಂಡು ತಿರುಗ್ತಿದ್ದ, ಅವಾಗ. ಯಾಕ?"

ಶ್ರದ್ಧಾ ಕೈತಟ್ಟಿ ನಕ್ಕಳು. ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಶಾರದಾಬಾಯಿ ವ್ಯಾಪಾರದಲ್ಲಿ ತಲೆ ಬೆಳ್ಳಗಾದ ಹೆಂಗಸು, ಮಾತಿನ ತೂಕ ಗೊತ್ತಿದ್ದವಳು. "ಹೌದಲ್ಲೇ! 'ಬಣ್ಣ ಹೋಗ್ತದ' ಅಂದ್ರ ಒಬ್ರೂ ತಗೊಳ್ಳಂಗಿಲ್ಲ, 'ತೊಳದಂಗ ಮೆತ್ತಗಾಗ್ತದ' ಅಂದ್ರ ಎರಡೆರಡು ಒಯ್ತಾರ," ಅಂದಳು. "ಬಾ, ನೋಡೇಬಿಡೂಣು ಇವತ್ತ."

ಆ ಸಂಜೆ ಅಂಗಡಿಯಲ್ಲಿ ವ್ಯಾಪಾರಕ್ಕಿಂತ ಇದೇ ಹೆಚ್ಚು ನಡೆಯಿತು. ಬಂದವರಿಗೆಲ್ಲ ಶ್ರದ್ಧಾ ಮೊಬೈಲಿನಲ್ಲಿ ಒಂದೇ ಫೋಟೊ ತೋರಿಸಿದಳು. ಒಬ್ಬರಿಗೆ, "ಟ್ರ್ಯಾಕ್ಟರ್ ತಗಲಿ ಮಾಂಡವ ಬಿತ್ತರಿ," ಅಂದಳು. ಮುಂದಿನವರಿಗೆ, "ಟ್ರ್ಯಾಕ್ಟರ್ ಹಾಯಿಸಿ ಮಾಂಡವ ಕೆಡವ್ಯಾನ್ರಿ," ಅಂದಳು. ಮರಾಠಿಯವರಿಗೆ ಮರಾಠಿಯಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ಟ್ರ್ಯಾಕ್ಟರ್ ಎಷ್ಟು ಜೋರು ಬಂದಿರಬೇಕು? ಹೊಡೆಯುವವನು ಎಂಥವನಿರಬೇಕು?

'ಬಿತ್ತು' ಕೇಳಿಸಿಕೊಂಡ ನೀಲಗಂಗಾ ಎಂಬ ಹೆಂಗಸು ತುಟಿ ಲೊಚಗುಟ್ಟಿದಳು. "ಪಾಪ, ಹೊಸಾ ಹುಡುಗ ಇರಬೇಕು. ಮೆಲ್ಲಕೇ ಬಂದಿರ್ತಾನ್ರಿ. ತಂತಿ ಹಳೀದಾಗಿತ್ತೇನೋ."

'ಕೆಡವ್ಯಾನ' ಕೇಳಿದ ತಲೆಗೆ ಪಟಕ ಸುತ್ತಿದ ಒಬ್ಬ ಗೃಹಸ್ಥ ಫೋಟೊದತ್ತ ಸರಿಯಾಗಿ ನೋಡಲೂ ಇಲ್ಲ. "ಕುಡದಿದ್ದನೇನು? ಇವರದು ಹಳೇ ಜಗಳ ಇದ್ದೇ ಇರ್ತದ. ನೋಡ್ರಿ ಇಲ್ಲಿ, ಗಾಲಿ ಹ್ಯಾಂಗ ತಿರುವ್ಯಾನ!" ಅಂತ ಬೆರಳಿಟ್ಟು ತೋರಿಸಿದ. ಅವನು ಬೆರಳಿಟ್ಟಲ್ಲಿ ಗಾಲಿಯ ಗುರುತೇ ಇರಲಿಲ್ಲ. ಒಣಗಿದ ಎಲೆಗಳು ಬಿದ್ದಿದ್ದವು.

ಆತ ಹೊರಗೆ ಹೋಗುವವರೆಗೆ ಅತ್ತೆ-ಸೊಸೆ ಹೇಗೋ ನಗು ತಡೆದುಕೊಂಡರು. ಆಮೇಲೆ ಶಾರದಾಬಾಯಿ ಗಾದಿಯ ಮೇಲೆ ಕುಸಿದು ಕೂತು ನಕ್ಕಳು. "ಇಲ್ಲದ್ದು ಕಂಡನಲ್ಲೇ ಯವ್ವಾ! ಒಂದು ಮಾತು ಕೇಳಿ ಇಲ್ಲದ್ದು ಕಂಡ!"

ಎಲ್ಲರೂ ಹಾಗೆ ಅನ್ನಲಿಲ್ಲ. ಕೆಲವರು ಎರಡೂ ಮಾತಿಗೆ ಮರುಳಾಗದೆ, "ನಾವು ನೋಡಿಲ್ಲ, ನಮಗೇನು ಗೊತ್ರಿ," ಅಂದರು. ಆದರೂ ಒಟ್ಟಿನಲ್ಲಿ 'ಬಿತ್ತು' ಕೇಳಿದವರ ಟ್ರ್ಯಾಕ್ಟರ್ ಮೆಲ್ಲಗೆ ಬಂದಿತ್ತು, 'ಕೆಡವ್ಯಾನ' ಕೇಳಿದವರ ಟ್ರ್ಯಾಕ್ಟರ್ ಹಾರಿಕೊಂಡು ಬಂದಿತ್ತು. ಶ್ರದ್ಧಾ ಉಸಿರು ಬಿಡದೆ ಮೇಡಂಗೆ ಫೋನಿನಲ್ಲಿ ಹೇಳಿದಳು.

ಮೇಡಂ ಪೂರ್ತಿ ಕೇಳಿಸಿಕೊಂಡು, "ಭಾರೀ ಛಂದ ಅದ. ಆದ್ರ ಇದಿನ್ನೂ ಅಂಗಡಿಯ ಆಟ, ಸಂಶೋಧನೆ ಅಲ್ಲ. ಕ್ರಮವಾಗಿ ಮಾಡಬೇಕು," ಅಂದರು. "ಇನ್ನೊಂದು. 'ಕೆಡವಿದ' ಅನ್ನೋದು ಜಾಸ್ತಿ ಹೇಳ್ತು ಅಂದ ಮಾತ್ರಕ್ಕ 'ಬಿತ್ತು' ಅನ್ನೋದು ಪೂರಾ ಹೇಳ್ತು ಅಂತ ತಿಳೀಬ್ಯಾಡ." ಮೇಡಂ ಮರಾಠಿಯಲ್ಲಿ ಆಡಿದ ಆ ಕೊನೆಯ ಮಾತಿನ ಅರ್ಥ ಶ್ರದ್ಧಾಳಿಗೆ ಆಗ ಅಷ್ಟಾಗಿ ಹೊಳೆಯಲಿಲ್ಲ.

ರವಿವಾರ ಮುಂಜಾನೆ ತಾಯಿ ಗಿರಿಜಾಬಾಯಿಯ ಫೋನ್ ಬಂತು. "ಶ್ರದ್ಧಾ, ನಿಮ್ಮಪ್ಪಗ ಒಂದಿಷ್ಟು ತಿಳಿಸಿ ಹೇಳು. ಶಾಂತಲಿಂಗಪ್ಪನವರ ಕಬ್ಬು ಕಡದು ಟ್ರಾಲಿ ತುಂಬ್ಯಾರ. ಗೇಟ್ ಮುರದೇ ಒಯ್ತೀವಿ ಅಂತ ನಿಂತಾರ. ಇವರು ಕೊಡಲಿ ಹಿಡ್ಕೊಂಡು ಗೇಟಿನ ಮುಂದ ಕುಂತಾರ."

"ಅವ್ವಾ, ಯಾರೂ ಏನೂ ಮಾಡಬ್ಯಾಡ್ರಿ ಅಂತ ಹೇಳು. ನಾ ಬರಾಕತ್ತೀನಿ!"

"ನಾನೂ ಬರ್ತೀನಿ," ಅಂತ ಶಾರದಾಬಾಯಿ ಆಗಲೇ ಶಟರ್ ಎಳೆಯುತ್ತಿದ್ದಳು.

ಅಕ್ಕಲಕೋಟದ ಬಸ್ಸು ಸ್ವಾಮಿಗಳ ದರ್ಶನಕ್ಕೆ ಹೊರಟವರಿಂದ ತುಂಬಿತ್ತು. ಇಬ್ಬರೂ ನಿಂತೇ ಹೋದರು. ಅಕ್ಕಲಕೋಟದಲ್ಲಿ ಇಳಿದು ಕುರನೂರಿನ ಜೀಪು ಹಿಡಿದರು. ದಾರಿಯುದ್ದಕ್ಕೂ ಶ್ರದ್ಧಾಳಿಗೆ ಒಂದೇ ಯೋಚನೆ. ಅಂಗಡಿಯಲ್ಲಿ ಗೊತ್ತಿಲ್ಲದವರ ಮುಂದೆ ನಡೆದದ್ದು ಸ್ವಂತ ಅಪ್ಪನ ಮುಂದೆ ನಡೆಯುತ್ತದೆಯೇ?

ತೋಟದ ಗೇಟಿನ ಹತ್ತಿರ ಅರ್ಧ ಊರು ಸೇರಿತ್ತು. ಆಚೆ ಕಬ್ಬು ತುಂಬಿದ ಟ್ರಾಲಿ, ಟ್ರ್ಯಾಕ್ಟರಿನ ಮೇಲೆ ಓಂಕಾರ, ಕೆಳಗೆ ಅವನ ತಂದೆ ಶಾಂತಲಿಂಗಪ್ಪ. ಈಚೆ ಧರ್ಮರಾಜ.

"ನನ್ನ ಮಗ ಏನೂ ಮಾಡಿಲ್ಲೋ! ತಾನ ಬಿದ್ದದ ನಿನ್ನ ಮಾಂಡವ!" ಶಾಂತಲಿಂಗಪ್ಪ ಕೂಗುತ್ತಿದ್ದ.

"ಕೆಡವ್ಯಾನ! ನಾ ಕಣ್ಣಿಲೆ ಕಂಡೀನಿ!"

"ಬಿದ್ದದ!"

"ಕೆಡವ್ಯಾನ!"

ಶ್ರದ್ಧಾ ಜನರ ನಡುವೆ ನುಗ್ಗಿ ಗೇಟಿನ ಅಡ್ಡಪಟ್ಟಿಯ ಮೇಲೆ ಹತ್ತಿ ನಿಂತಳು. ಆ ಗಳಿಗೆಯಲ್ಲಿ ಮೇಡಂ ಹೇಳಿದ್ದು ಫಕ್ಕನೆ ಹೊಳೆಯಿತು. ಒಂದು ಶಬ್ದ ಅಪರಾಧಿಯನ್ನು ಹುಟ್ಟಿಸುತ್ತದೆ. ಇನ್ನೊಂದು ಶಬ್ದ ಅಲ್ಲಿದ್ದವನನ್ನೇ ಮಾಯ ಮಾಡುತ್ತದೆ. ಎರಡನ್ನೂ ಕಿತ್ತುಕೊಂಡರೆ ಏನು ಉಳಿಯುತ್ತದೆ?

"ಕಾಕಾರ, ಅಪ್ಪಾ, ಒಂದ ಮಾತು ಕೇಳ್ರಿ! 'ಬಿತ್ತು' ಅನ್ನಬ್ಯಾಡ್ರಿ, 'ಕೆಡವಿದ' ಅನ್ನಬ್ಯಾಡ್ರಿ. ಈ ಎರಡು ಶಬ್ದ ಬಿಟ್ಟು, ಆ ದಿವ್ಸ ಯಾರ ಕೈ ಎಲ್ಲಿತ್ತು, ಯಾರ ಕಣ್ಣು ಎಲ್ಲಿತ್ತು, ಅಷ್ಟೇ ಹೇಳ್ರಿ."

"ಏ, ನಿನ್ನ ಕಾಲೇಜಿನ ಆಟ ಇಲ್ಲಿ ಹಚ್ಚಬ್ಯಾಡ," ಧರ್ಮರಾಜ ಗದರಿದ.

"ಧರ್ಮಾ!" ಶಾರದಾಬಾಯಿ ಸೆರಗು ಸಿಗಿಸಿಕೊಂಡು ಮುಂದೆ ಬಂದಳು. "ನಿನಗ ನಡಿಯಾಕ ಕಲಿಸಿದಾಕಿ ನಾನು. ಕೊಡಲಿ ಕೆಳಗ ಇಡು. ಹುಡುಗಿ ಹೇಳೂದು ಕೇಳು."

ಅಕ್ಕನಿಗೆ ಎದುರು ಮಾತಾಡುವ ರೂಢಿ ಧರ್ಮರಾಜನಿಗೆ ಇರಲಿಲ್ಲ. ಕೊಡಲಿ ಕೆಳಗಿಟ್ಟ. ಆದರೆ ಮೊದಲು ಓಂಕಾರನೇ ಹೇಳಲಿ ಅಂತ ಹಟ ಹಿಡಿದ. ಸರಿ, ಎಲ್ಲರೂ ಗೇಟಿನ ಪಕ್ಕದಿಂದ ನುಸುಳಿ, ಆಚೆ ಹಂದರ ಮಲಗಿದ್ದ ತಿರುವಿನ ಹತ್ತಿರ ನಡೆದರು. ಜನರಿಗೆ ಇದು ಮಜಾ ಅನ್ನಿಸಿತ್ತು. ಆ ಶಬ್ದ ಬಂದರೆ ಕೂಗುತ್ತೇವೆ ಅಂತ ಸೋಮವ್ವ ಎಂಬ ಮುದುಕಿ ಮೊದಲೇ ಸಾರಿಬಿಟ್ಟಳು.

"ನಾ ಹಿಂಗ ಬರಾಕತ್ತಿದ್ದೆ," ಓಂಕಾರ ಕೈ ಮಾಡಿ ತೋರಿಸಿದ. "ಖಾಲಿ ಟ್ರಾಲಿ. ಎರಡನೇ ಗೇರು. ಈ ತಿರುವಿಗೆ ಬಂದೆ, ತಂತಿ ತಗಲಿತು, ಮಾಂಡವ ಬಿ..."

"ಬಂತು, ಶಬ್ದ ಬಂತು!" ಸೋಮವ್ವ ಕಿರುಚಿದಳು. ಎಲ್ಲರೂ ಗೊಳ್ಳೆಂದರು.

"ತಂತಿ ಬಂದು ನಿನಗ ತಗಲಿತೇನು?" ಶ್ರದ್ಧಾ ಕೇಳಿದಳು. "ಆವಾಗ ನೀ ಎಲ್ಲಿ ನೋಡಾಕತ್ತಿದ್ದಿ?"

ಓಂಕಾರ ತಂದೆಯ ಕಡೆ ಕಣ್ಣು ಹಾಯಿಸಿದ. "ಕೆಳಗ."

"ಕೆಳಗ ಯಾಕ?"

"ಫೋನ್ ಬಿತ್ತು."

"ಬಂತು!" ಈ ಸಲ ಹತ್ತಾರು ದನಿ ಕೂಡಿದವು. ಯಾರೂ ನಗುವ ಮೊದಲೇ ಶ್ರದ್ಧಾ ಕೈ ಎತ್ತಿದಳು.

"ಆ ಶಬ್ದ ಇಲ್ಲದಂಗ ಹೇಳು ಓಂಕಾರ."

ಆ ಶಬ್ದ ಇಲ್ಲದೆ ಹೇಳುವುದು ಅವನಿಗೆ ಬಹಳ ಕಷ್ಟವಾಯಿತು. "ನಾ... ಫೋನಿನ್ಯಾಗ ಮಾತಾಡ್ಲಿಕತ್ತಿದ್ದೆ. ಒಂದು ಕೈಯಾಗ ಸ್ಟೇರಿಂಗ್. ಫೋನ್ ಜಾರಿತು. ಅಲ್ಲ, ನಾ ಜಾರಿಸಿದೆ. ಬಗ್ಗಿ ತಗೊಂಡೆ. ತಲಿ ಎತ್ತಿ ನೋಡೂದ್ರಾಗ ಗಾಲಿ ಇಲ್ಲಿತ್ತು."

ಶಾಂತಲಿಂಗಪ್ಪ ಮಗನನ್ನು ದಿಟ್ಟಿಸಿ ನೋಡಿದ. "ಮುಂದ ನೋಡೇ ಹೊಡೀತಿದ್ದೆ ಅಂದಿದ್ಯಲ್ಲೋ ನನಗ?"

"ಮಾಂಡವ ಬಿತ್ತು ಅಷ್ಟೇ ಅಂದ್ನಿ ಅಪ್ಪಾ. ನೀವ ಮುಂದ ಏನೂ ಕೇಳಲಿಲ್ಲ."

"ಕಂಡ್ರಿ?" ಧರ್ಮರಾಜ ಎದೆಯುಬ್ಬಿಸಿದ. "ನಾ ಹೇಳಲಿಲ್ಲ?"

"ಈಗ ನಿಮ್ಮ ಪಾಳಿ ಅಪ್ಪಾ," ಅಂದಳು ಶ್ರದ್ಧಾ. "ನೀವು ಆವಾಗ ಎಲ್ಲಿದ್ರಿ?"

"ಔಷಧದ ಟಾಕಿ ಹಂತೇಲಿ."

"ಹೋಗಿ ಅಲ್ಲೇ ನಿಂದರ್ರಿ. ಓಂಕಾರ, ನೀ ಟ್ರ್ಯಾಕ್ಟರಿನ ಟ್ರಾಲಿ ಬಿಚ್ಚಿ ಇಲ್ಲಿಗೆ ತಂದು ಅದರ ಮ್ಯಾಲ ಕೂಡು."

ಇಬ್ಬರೂ ಹೇಳಿದಂತೆ ಮಾಡಿದರು. ಬಳ್ಳಿಗೆ ಹೊಡೆಯುವ ಔಷಧ ಕಲಸುವ ಆ ಟಾಕಿ ತೋಟದ ಇನ್ನೊಂದು ತುದಿಗಿತ್ತು. ನಡುವೆ ಇನ್ನೂ ನಿಂತಿದ್ದ ಸಾಲುಗಳ ದಟ್ಟ ಎಲೆ. ಧರ್ಮರಾಜ ಕಣ್ಣಿಗೆ ಕೈ ಅಡ್ಡ ಹಿಡಿದು, ಬಗ್ಗಿ, ತುದಿಗಾಲಲ್ಲಿ ನಿಂತು ನೋಡಿದ.

"ಅಪ್ಪಾ, ಓಂಕಾರ ಈಗ ನಗಾಕತ್ತಾನೋ, ಅಳಾಕತ್ತಾನೋ?"

ಧರ್ಮರಾಜ ಎರಡು ಹೆಜ್ಜೆ ಎಡಕ್ಕೆ ಸರಿದ, ಬಲಕ್ಕೆ ಸರಿದ. ಕೊನೆಗೆ ತಲೆ ತಗ್ಗಿಸಿ ವಾಪಸ್ಸು ಬಂದ. "ಟೊಪಗಿ ಅಷ್ಟೇ ಕಾಣ್ತದ," ಅಂದ. ದನಿ ಸಣ್ಣಗಾಗಿತ್ತು. "ಆದ್ರ ಶ್ರದ್ಧಾ, ನನಗ ಈಗೂ ಅವ ನಕ್ಕದ್ದು ಕಂಡಂಗೇ ಆಗ್ತದಲ್ಲ? ಹಲ್ಲು ಸೈತ ಕಾಣ್ತಾವ."

ಗಿರಿಜಾಬಾಯಿ ಗಂಡನ ಹತ್ತಿರ ಬಂದು ನಿಂತಳು. "ಆ ದಿವ್ಸ ಮನಿಗೆ ಬಂದು ತಗಲಿ ಬಿತ್ತು ಅಂದ್ರಿ. ನಗು-ಪಗು ಏನೂ ಹೇಳಲಿಲ್ಲ. ಮರುದಿವ್ಸ ಊರ ಕಟ್ಟಿ ಮ್ಯಾಲ ಮಂದಿ ಜೋಡಿ ಕುಂತು ಬಂದಿಂದ ಹೇಳಿದ್ರಿ."

"ನೀವು ಸುಳ್ಳು ಹೇಳಿಲ್ಲ ಅಪ್ಪಾ," ಶ್ರದ್ಧಾ ಅವನ ಕೈ ಹಿಡಿದಳು. "ಮಂದಿ ಎಲ್ಲಾ ಕೆಡವಿದಾ, ಕೆಡವಿದಾ ಅಂದ್ರು. ಕೆಡವಿದವಂದು ಒಂದು ಮುಖ ಬೇಕಲ್ಲ? ಮನಸ್ಸು ತಾನೇ ತಂದು ಕೂಡಿಸ್ತು. ನನಗೂ ಹಂಗೇ ಆತು. ನಾ ಸೋಲಾಪುರದಾಗ ಕುಂತು ಅವನ್ನ ಕಂಡಿದ್ನಿ!"

ಓಂಕಾರ ಟ್ರ್ಯಾಕ್ಟರಿನಿಂದ ಇಳಿದು ಬಿಗಿತಂತಿ ಕಟ್ಟಲು ಹುಗಿದ ಕಲ್ಲು ಕಿತ್ತು ಹೋದ ಗುಂಡಿಯ ಹತ್ತಿರ ನಿಂತ. "ಕಾಕಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ತಂತಿ ಮೊದಲು ಒಳಗಿತ್ತಲ್ಲ? ಹೋದ ವರ್ಷ ಇಲ್ಲಿ ಖುಲ್ಲಾ ಇತ್ತು."

"ಹಾಂ, ಅದು... ಸ್ವಲ್ಪ ಹೊರಗ ಬಂತು."

"ತಾನ ನಡಕೋತ ಬಂತೇನೋ ಧರ್ಮಾ?" ಶಾರದಾಬಾಯಿ ಕೇಳಿದಳು.

ಸೋಮವ್ವನಿಂದ ಹಿಡಿದು ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಶಾಂತಲಿಂಗಪ್ಪನೂ ನಕ್ಕ. ಧರ್ಮರಾಜ ಒಂದು ಗಳಿಗೆ ಬಿಗಿದುಕೊಂಡೇ ನಿಂತಿದ್ದ, ಆಮೇಲೆ ಅವನ ಮೀಸೆಯೂ ಅಲುಗಿತು. "ಸರಿಸೀನಿ, ನಾನೇ ಸರಿಸೀನಿ ಮಾರಾಯಾ! ಔಷಧದ ಗಾಡಿ ಹೊಳ್ಳಲಿ ಅಂತ ಕಲ್ಲು ಕಿತ್ತು ದಾರಿ ಅಂಚಿಗೆ ಹುಗದೀನಿ. ಗುರುತಿಗೆ ಒಂದು ಕೆಂಪು ಅರಿವಿನೂ ಕಟ್ಟಲಿಲ್ಲ. ಆತಿಲ್ಲ?"

ಅವನು ಕಿಸೆಯಿಂದ ಕೀಲಿಕೈ ತೆಗೆದು ಗೇಟಿನ ಕಡೆ ನಡೆದ. ಓಂಕಾರ ಟ್ರಾಲಿ ಜೋಡಿಸಿದ. ಕಬ್ಬು ತುಂಬಿದ ಟ್ರಾಲಿ ಗೇಟು ದಾಟುವಾಗ ಶಾಂತಲಿಂಗಪ್ಪ ಮಗನ ಫೋನು ಕಸಿದು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ. ಈಗ ಗ್ರೂಪಿನಲ್ಲಿ ಏನು ಬರೆಯಲಿ ಅಂತ ಗುರುಸಿದ್ಧ ಕೇಳಿದ್ದೇ ತಡ, ಹತ್ತು ಜನ ಹತ್ತು ವಾಕ್ಯ ಹೇಳಿದರು. ಇದಕ್ಕೆ ಅದು ಸರಿಯಿಲ್ಲ, ಅದಕ್ಕೆ ಇದು ಸರಿಯಿಲ್ಲ ಅಂತ ಹೊತ್ತು ಇಳಿಯುವವರೆಗೆ ವಾದ ನಡೆಯಿತು.

ಮರುದಿನ ಓಂಕಾರ ತಮ್ಮ ಮನೆಯ ಆಳುಗಳನ್ನು ಕರೆದುಕೊಂಡು ಬಂದು ಕಂಬ ಎತ್ತಲು ನಿಂತ. ತಪ್ಪಾಯಿತು ಅಂತ ಅವನು ಅನ್ನಲಿಲ್ಲ, ಧರ್ಮರಾಜನೂ ಕೇಳಲಿಲ್ಲ. ಮೊದಮೊದಲು ಇಬ್ಬರ ನಡುವೆ "ಎಳಿ", "ಬಿಡು", "ಬಿಗಿ" ಇಷ್ಟೇ ಮಾತು. ಮಣ್ಣಾಗಿದ್ದರೂ ಒಡೆಯದೆ ಉಳಿದ ಗೊಂಚಲುಗಳನ್ನು ಹೆಂಗಸರು ತೊಳೆದು ಒಣಹಾಕಲು ಒಯ್ದರು. ಪೇಟೆಗೆ ಹೋಗಬೇಕಾದ ಹಣ್ಣಿನ ಬೆಲೆ ಒಣದ್ರಾಕ್ಷಿಗೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಪೂರ್ತಿ ಹಾಳಾಗಲಿಲ್ಲ. ಬಿಗಿತಂತಿಯ ಕಲ್ಲನ್ನು ಶಾಂತಲಿಂಗಪ್ಪ ತಾನೇ ಮುಂದೆ ನಿಂತು ಒಳಗೆ ಹುಗಿಸಿದ. ಔಷಧದ ಗಾಡಿ ತಿರುಗಲು ತನ್ನ ಹೊಲದ ಬದುವಿನಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಟ್ಟ.

ಸೋಮವಾರ ಮಧ್ಯಾಹ್ನ ಶ್ರದ್ಧಾ ಮನೀಷಾ ಮೇಡಂ ಮುಂದೆ ನಿಂತು, ಕೈ ಬೀಸುತ್ತ, ಅಲ್ಲಲ್ಲಿ ಮರಾಠಿ ಮರೆತು ಕನ್ನಡಕ್ಕೆ ಜಾರುತ್ತ, ನಡೆದದ್ದೆಲ್ಲ ಹೇಳಿದಳು. ಮೇಡಂ ಕೊನೆಗೆ, "ನಿನ್ನ ಪ್ರಬಂಧದ ವಿಷಯ ಸಿಕ್ಕಿತು," ಅಂದರು. "ಎರಡೂ ಭಾಷೆಯೊಳಗ ಮಾಡು. ಒಂದೇ ಘಟನೆ, ಮರಾಠಿಯೊಳಗೂ ಕನ್ನಡದೊಳಗೂ. ಎರಡೂ ಬಲ್ಲ ಜನ ಯಾವ ಭಾಷೆಯೊಳಗ ಕೇಳಿದ್ರ ಹ್ಯಾಂಗ ತೀರ್ಪು ಕೊಡ್ತಾರ, ಅದನ್ನೂ ನೋಡು. ಇದನ್ನ ಇಲ್ಲಿ ಯಾರು ಮಾಡ್ತಾರ ಹೇಳು, ನಿಮ್ಮಂಥವರು ಮಾಡದಿದ್ರ?"

ಶ್ರದ್ಧಾ ಹೂಂ ಅಂದವಳೇ ಅಲ್ಲಿಂದ ಹಾರಿಕೊಂಡು ಮನೆಗೆ ಬಂದಳು. ಬಂದ ಮೇಲೆ ಒಂದು ತೊಡಕು ಎದುರಾಯಿತು. ಅವಳು ಮೊದಲಿನಿಂದ ಓದಿದ್ದು ಮರಾಠಿ ಸಾಲಿಯಲ್ಲಿ. ಕನ್ನಡ ಬಾಯಿ ತುಂಬ ಇತ್ತು, ಕೈಗೆ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಗೊತ್ತಿದ್ದವು, ಅಷ್ಟೇ. ಶಾರದಾಬಾಯಿ ಮದುವೆಗೆ ಮುಂಚೆ ಕನ್ನಡ ಸಾಲಿಯಲ್ಲಿ ಕಲಿತವಳು. ಅಂಗಡಿಯ ಗದ್ದಲ ಕಡಿಮೆಯಾದ ಮೇಲೆ ಸೊಸೆಯನ್ನು ಗಾದಿಯ ಮೇಲೆ ಕೂಡಿಸಿಕೊಂಡು ಪೆನ್ನು ಕೊಟ್ಟಳು.

"ಎಲ್ಲಿಂದ ಸುರು ಮಾಡೂಣು ಅತ್ತಿ?"

"ನಿನ್ನ ಹೆಸರಿಂದ. ಅದರಾಗೇ ಒತ್ತಕ್ಷರ ಎರಡು ಅದಾವ. ಬರಿ."

ಶ್ರದ್ಧಾ ನಾಲಿಗೆ ಕಚ್ಚಿಕೊಂಡು, ಹಾಳೆಯ ಮೇಲೆ ಬಗ್ಗಿ, ಶ ಬರೆದಳು. ಅದರ ಕೆಳಗೆ ಒತ್ತು ಯಾವ ಕಡೆ ತಿರುಗಬೇಕು ಅಂತ ಕೇಳಿದಳು. ಶಾರದಾಬಾಯಿ ಅವಳ ಕೈ ಹಿಡಿದು ತಿರುವಿಸಿದಳು.